ಕಿವಿಯೊಳಗಿನ ಕಚಗುಳಿಯೊಂದಿಗೆ 14 ತಿಂಗಳು

ನನ್ನ ಎಡಗಿವಿಯೊಳಗೆ ಕಚಗುಳಿ ಶುರುವಾದ ದಿನ ಯಾವುದೆಂದು ನೆನಪಿಲ್ಲ. ಅದು ನಿಲ್ಲುತ್ತಿಲ್ಲವೆಂದು ಅರಿವಾದ ರಾತ್ರಿ ಮಾತ್ರ ಚೆನ್ನಾಗಿ ನೆನಪಿದೆ. ದೀಪ ಆರಿಸಿ ಮಲಗಿದ ಮೇಲೆ, ಬೆರಳು ತಲುಪದಷ್ಟು ಆಳದಲ್ಲಿ, ಪುಟ್ಟ ಇರುವೆಯೊಂದು ಎರಡು ಹೆಜ್ಜೆ ನಡೆದು ನಿಂತಂತೆ, ಮತ್ತೆ ಎರಡು ಹೆಜ್ಜೆ ನಡೆದಂತೆ ಆಗುತ್ತಿತ್ತು. ನೋವಿರಲಿಲ್ಲ, ಕಿವಿ ಸೋರುತ್ತಿರಲಿಲ್ಲ, ಕೇಳಿಸುವುದರಲ್ಲಿ ವ್ಯತ್ಯಾಸವಿರಲಿಲ್ಲ. ಮನೆಯವರನ್ನು ಎಬ್ಬಿಸಿ ಟಾರ್ಚ್ ಹಿಡಿದು ನೋಡಲು ಹೇಳಿದೆ. ಅವರಿಗೆ ಏನೂ ಕಾಣಲಿಲ್ಲ. ಅಂದಿನಿಂದ 14 ತಿಂಗಳ ಕಾಲ ನಾನು ಏನೇನು ಮಾಡಿದೆ, ಅದರಲ್ಲಿ ಯಾವುದು ಕೆಲಸಕ್ಕೆ ಬಂತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾನು ವೈದ್ಯನಲ್ಲ, ತೊಂದರೆಯನ್ನು ಅನುಭವಿಸಿದವನು ಮಾತ್ರ.

ಮೊದಲ ಮೂರು ತಿಂಗಳಲ್ಲಿ ನಾನು ಮಾಡಿದ್ದೆಲ್ಲವೂ ತಪ್ಪು. ಹತ್ತಿ ಸುತ್ತಿದ ಇಯರ್ ಬಡ್ ಹಾಕಿ ತಿರುಗಿಸುವುದು ದಿನಕ್ಕೆ ಒಂದು ಸಲದಿಂದ ಆರೇಳು ಸಲಕ್ಕೆ ಏರಿತು. ತಿರುಗಿಸಿದ ಕ್ಷಣದಲ್ಲಿ ಸಿಗುತ್ತಿದ್ದ ಹಿತ ಎಷ್ಟು ಗಾಢವಾಗಿರುತ್ತಿತ್ತೆಂದರೆ, ಅದಾದ ಕಾಲು ಗಂಟೆಗೆ ಕಚಗುಳಿ ಮೊದಲಿಗಿಂತ ಜೋರಾಗಿ ಮರಳುತ್ತಿದ್ದುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಡ್ಡಿ ಸ್ವಲ್ಪ ಆಳಕ್ಕೆ ಹೋದಾಗ ಒಣ ಕೆಮ್ಮೂ ಬರುತ್ತಿತ್ತು. ಕಿವಿಗೂ ಕೆಮ್ಮಿಗೂ ಏನು ಸಂಬಂಧವೆಂದು ಗಾಬರಿಯಾಗಿತ್ತು. ಮೆದುಳಿನಿಂದ ಗಂಟಲು, ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಒಂದು ಸಣ್ಣ ಕವಲು ಕಿವಿನಾಳದ ಚರ್ಮಕ್ಕೂ ಬರುತ್ತದೆ, ಅದನ್ನು ಮುಟ್ಟಿದರೆ ಕೆಲವರಿಗೆ ಕೆಮ್ಮು ಬರುವುದು ಸಹಜ ಎಂಬುದು ಆಮೇಲೆ ತಿಳಿಯಿತು. 19ನೆಯ ಶತಮಾನದ ಜರ್ಮನ್ ಅಂಗರಚನಾ ತಜ್ಞ ಫ್ರೆಡ್ರಿಕ್ ಆರ್ನಾಲ್ಡ್ ಅವರ ಹೆಸರಿನಿಂದಲೇ ಆ ಕವಲನ್ನು ಆರ್ನಾಲ್ಡ್ ನರವೆಂದು ಕರೆಯುತ್ತಾರೆ.

ನಾಲ್ಕನೆಯ ತಿಂಗಳು ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಂಡೆ. ಕಿವಿಯಲ್ಲಿ ಹುಳುವೋ, ಗಟ್ಟಿಯಾದ ಗುಗ್ಗೆಯೋ, ತಮಟೆಗೆ ತಾಗಿ ನಿಂತ ಕೂದಲಿನ ತುಂಡೋ ಸಿಗುತ್ತದೆ, ಚಿಮಟದಲ್ಲಿ ಹಿಡಿದು ತೆಗೆದುಬಿಡುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೇ ಹೋಗಿದ್ದೆ. ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ತಮಟೆ ಸರಿಯಾಗಿದೆ, ಶಿಲೀಂಧ್ರದ ಸೋಂಕಿನ ಲಕ್ಷಣವಿಲ್ಲ, ಶ್ರವಣ ಪರೀಕ್ಷೆಯ ಗೆರೆಯೂ ಸಹಜವಾಗಿದೆ ಎಂದರು. ಆಮೇಲೆ ಒಂದು ಮಾತು ಸೇರಿಸಿದರು: ‘ನಿಮ್ಮ ಕಿವಿಯಲ್ಲಿ ಗುಗ್ಗೆಯೇ ಇಲ್ಲ. ಇರಬೇಕಿತ್ತು.’

ಆ ಮಾತು ಅರ್ಥವಾಗಲು ನನಗೆ ಕೆಲವು ದಿನ ಬೇಕಾಯಿತು. ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ, ಸ್ವಲ್ಪ ಬಳುಕಿದ ಕೊಳವೆ. ಅದರ ಹೊರಗಿನ ಮೂರನೆಯ ಒಂದು ಭಾಗದ ಗೋಡೆ ಮೃದ್ವಸ್ಥಿಯದು. ಕೂದಲೂ ಗುಗ್ಗೆ ಸ್ರವಿಸುವ ಗ್ರಂಥಿಗಳೂ ಇರುವುದು ಅಲ್ಲಿ ಮಾತ್ರ. ಒಳಗಿನ ಭಾಗದಲ್ಲಿ ಎಲುಬಿನ ಮೇಲೆ ನೇರವಾಗಿ ಹಾಸಿದಂತಿರುವ ಚರ್ಮ ಬಹಳ ತೆಳು, ಮುಟ್ಟಿದರೆ ಸಾಕು ತಕರಾರು ಮಾಡುವಂಥದ್ದು. ಗುಗ್ಗೆ ಜಿಡ್ಡಿನ, ತುಸು ಆಮ್ಲೀಯವಾದ ಲೇಪ. ಅದು ಚರ್ಮ ಒಣಗದಂತೆ ತಡೆಯುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ, ಸೂಕ್ಷ್ಮಜೀವಿಗಳಿಗೆ ಎಡೆ ಕೊಡುವುದಿಲ್ಲ. ಹಳೆಯ ಗುಗ್ಗೆಯನ್ನು ಹೊರಹಾಕುವ ವ್ಯವಸ್ಥೆಯೂ ಕಿವಿಯಲ್ಲೇ ಇದೆ: ನಾಳದ ಚರ್ಮ ತಮಟೆಯ ಕಡೆಯಿಂದ ಬಾಗಿಲ ಕಡೆಗೆ, ಹೆಚ್ಚುಕಡಿಮೆ ಉಗುರು ಬೆಳೆಯುವಷ್ಟು ನಿಧಾನವಾಗಿ, ಸರಿಯುತ್ತಲೇ ಇರುತ್ತದೆ, ಜಗಿಯುವಾಗ, ಮಾತಾಡುವಾಗ ದವಡೆಯ ಚಲನೆ ಅದಕ್ಕೆ ನೆರವಾಗುತ್ತದೆ. ನಾನು ಕಡ್ಡಿ ತಿರುಗಿಸಿ ತಿರುಗಿಸಿ ಆ ಲೇಪವನ್ನು ಒರೆಸಿಹಾಕಿದ್ದೆ. ಒಣಗಿದ ಚರ್ಮ ನವೆಯಾಗುತ್ತಿತ್ತು, ನವೆಗೆ ಕೈ ಹೋಗುತ್ತಿತ್ತು, ಕೈ ಹೋದಷ್ಟೂ ಚರ್ಮ ಒಣಗುತ್ತಿತ್ತು. ಹಾಗಾದರೆ ಕಡ್ಡಿ ಹಾಕುವ ಮೊದಲೇ ಕಚಗುಳಿ ಏಕೆ ಶುರುವಾಯಿತು ಎಂಬ ಪ್ರಶ್ನೆಗೆ ವೈದ್ಯರ ಬಳಿಯೂ ಉತ್ತರವಿರಲಿಲ್ಲ, ಇವತ್ತಿಗೂ ನನ್ನ ಬಳಿ ಇಲ್ಲ.

ಸ್ಟೀರಾಯ್ಡ್ ಇರುವ ಹನಿ ಔಷಧಿಯನ್ನು 10 ದಿನಕ್ಕೆ ಬರೆದುಕೊಟ್ಟರು. ಶಿಲೀಂಧ್ರದ ಸೋಂಕಿದ್ದಾಗ ಬರಿಯ ಸ್ಟೀರಾಯ್ಡ್ ಹಾಕಿದರೆ ಸೋಂಕು ಹೆಚ್ಚುವ ಅಪಾಯವಿರುವುದರಿಂದ, ಅದಿಲ್ಲವೆಂದು ಕಣ್ಣಾರೆ ನೋಡಿದ ಮೇಲೆಯೇ ಕೊಟ್ಟದ್ದು ಎಂದೂ ಹೇಳಿದರು. ಆದ್ದರಿಂದಲೇ, ಬೇರೆಯವರ ಮನೆಯಲ್ಲಿ ಉಳಿದ ಹನಿ ಔಷಧಿಯನ್ನು ಕಿವಿಗೆ ಬಿಟ್ಟುಕೊಳ್ಳಬಾರದೆಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಹನಿಯಿಂದ ಉರಿಯಂಥ ನವೆ ಅಡಗಿತು; ಇರುವೆಯ ನಡಿಗೆ ಮಾತ್ರ ನಿಲ್ಲಲಿಲ್ಲ. ಆಗಲೇ ನವೆ ಬೇರೆ, ಕಚಗುಳಿ ಬೇರೆ ಎಂಬುದು ನನಗೆ ಸ್ಪಷ್ಟವಾದದ್ದು.

ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಆಲಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1897ರಲ್ಲೇ ಕಚಗುಳಿಯನ್ನು ಎರಡಾಗಿ ವಿಂಗಡಿಸಿ, ನಗು ಬರಿಸುವ ಒತ್ತಿದ ಕಚಗುಳಿಗೆ ಒಂದು ಹೆಸರು, ಚರ್ಮದ ಮೇಲೆ ಏನೋ ಹರಿದಂತಾಗುವ ಹಗುರ ಕಚಗುಳಿಗೆ ‘ನಿಸ್ಮೆಸಿಸ್’ ಎಂಬ ಇನ್ನೊಂದು ಹೆಸರು ಕೊಟ್ಟಿದ್ದರು. ಈ ಎರಡನೆಯದು ಬಂದಾಗ ಕೈ ತಾನಾಗಿ ಆ ಜಾಗಕ್ಕೆ ಹೋಗುತ್ತದೆ. ಕುದುರೆ ನೊಣ ಕೂತ ಕಡೆ ಚರ್ಮ ಅದುರಿಸುವುದೂ ಇಂಥದ್ದೇ. ಅಂದರೆ ನನ್ನ ಕೈಯನ್ನು ಬೈದುಕೊಂಡು ಪ್ರಯೋಜನವಿರಲಿಲ್ಲ, ಅದಕ್ಕೆ ಬೇರೆ ಕೆಲಸ ಕೊಡಬೇಕಿತ್ತು. ನನ್ನ ಮಟ್ಟಿಗೆ ನಿಜವಾದ ಚಿಕಿತ್ಸೆ ಶುರುವಾದದ್ದು ಇಲ್ಲಿಂದ.

ಮೊದಲು ಮನೆಯಲ್ಲಿದ್ದ ಇಯರ್ ಬಡ್‌ಗಳನ್ನೆಲ್ಲ ಎಸೆದೆ. ಮರುದಿನ ಕೈ ಕಿವಿಗೆ ಹೋದಾಗಲೆಲ್ಲ ಒಂದು ಕಾಗದದ ಮೇಲೆ ಗೀಟು ಹಾಕುತ್ತ ಹೋದೆ. ರಾತ್ರಿ ಎಣಿಸಿದರೆ 43. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಕಚಗುಳಿ ಇತ್ತೋ ಇಲ್ಲವೋ ಎಂಬುದೇ ನನಗೆ ಖಚಿತವಿರಲಿಲ್ಲ, ಕೈ ಸುಮ್ಮನೆ ಹೋಗಿತ್ತು. ಆ ಮೇಲೆ ಒಂದು ನಿಯಮ ಮಾಡಿಕೊಂಡೆ: ಕೈ ಎತ್ತಬಹುದು, ಆದರೆ ಬೆರಳು ಒಳಗೆ ಹೋಗಕೂಡದು, ಅಂಗೈಯನ್ನು ಇಡೀ ಕಿವಿಯ ಮೇಲೆ ಚಪ್ಪಟೆಯಾಗಿಟ್ಟು ಮೆತ್ತಗೆ ಒತ್ತಿ, ನಿಧಾನವಾಗಿ ಇಪ್ಪತ್ತು ಎಣಿಸಬೇಕು. ಒತ್ತಡವೂ ತಂಪೂ ನವೆಯ ಸಂಕೇತವನ್ನು ಮಂಕಾಗಿಸುತ್ತವೆ. ಹಾಗಾಗಿ ತುಂಬ ಜೋರಿದ್ದಾಗ ಒದ್ದೆ ಬಟ್ಟೆಯನ್ನು ಕಿವಿಯ ಹಿಂದೆ ಮತ್ತು ಹೊರಗಿವಿಯ ಮೇಲೆ ಇಡುತ್ತಿದ್ದೆ. ಮೊದಲ ವಾರ ಇದು ಹಿಂಸೆಯೆನಿಸಿತು. ಹನ್ನೆರಡರವರೆಗೆ ಎಣಿಸಿ ಬೆರಳು ಹಾಕಿದ ದಿನಗಳೂ ಇವೆ. ನಿದ್ದೆಯಲ್ಲಿ ಕೈ ಹೋಗದಿರಲೆಂದು ತೆಳು ಹತ್ತಿಯ ಕೈಗವಸು ತೊಟ್ಟು ಮಲಗಿದೆ. ಮನೆಯವರು ನಕ್ಕರು, ನಗುವಂತೆಯೇ ಇತ್ತು. ಆರನೆಯ ವಾರದ ಹೊತ್ತಿಗೆ ಗೀಟುಗಳು ದಿನಕ್ಕೆ 15ರ ಆಸುಪಾಸಿಗೆ ಇಳಿದವು.

ಜೊತೆಗೆ ಒಂದು ದಿನಚರಿ ಇಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಕಚಗುಳಿಗೆ 0ಯಿಂದ 10ರವರೆಗೆ ಒಂದು ಅಂಕ, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಎಂಬ ಒಂದು ಸಾಲು, ಅಷ್ಟೇ. ಎರಡು ವಾರಕ್ಕೆ ಒಂದೇ ಒಂದು ಬದಲಾವಣೆ ಮಾಡುವುದೆಂದು ಹಟ ಹಿಡಿದೆ, ಏಕೆಂದರೆ ಒಟ್ಟಿಗೆ ನಾಲ್ಕು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಶಾಂಪೂ ಬದಲಿಸಿದೆ, ವ್ಯತ್ಯಾಸವಾಗಲಿಲ್ಲ. ಕಿವಿಯ ಮೇಲಿನ ಕೂದಲು ಕತ್ತರಿಸಿಕೊಂಡಾಗಲೂ ಹಾಗೆಯೇ. ಕಿವಿಯೊಳಗೆ ಕೂರುವ ಇಯರ್‌ಫೋನ್ ಬಿಟ್ಟು ಹೊರಗಿನಿಂದ ಮುಚ್ಚುವ ಹೆಡ್‌ಫೋನ್ ಬಳಸಿದಾಗ ಮಧ್ಯಾಹ್ನದ ಅಂಕ ತುಸು ಇಳಿಯಿತು. ತಮಟೆ ತೂತಾಗಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು, ಅವರು ಹೇಳಿದಂತೆ ವಾರಕ್ಕೆರಡು ಸಲ ಎರಡು ಹನಿ ಲಿಕ್ವಿಡ್ ಪ್ಯಾರಫಿನ್ ಎಂಬ ಖನಿಜ ಎಣ್ಣೆ ಬಿಟ್ಟುಕೊಂಡದ್ದು, ಸ್ನಾನದ ನಂತರ ತಲೆ ವಾಲಿಸಿ ನೀರು ತಾನಾಗಿ ಇಳಿಯಲು ಬಿಟ್ಟು ಹೊರಗಿವಿಯನ್ನಷ್ಟೇ ಒರೆಸಿಕೊಂಡದ್ದು ನವೆಯನ್ನು ಪೂರ್ತಿ ಅಡಗಿಸಿದವು.

ದಿನಚರಿಯಿಂದ ಸಿಕ್ಕಿದ ಅನಿರೀಕ್ಷಿತ ಸುಳಿವೆಂದರೆ ದವಡೆ. ಕಂಪ್ಯೂಟರಿನ ಮುಂದೆ ಗಡುವಿನ ಕೆಲಸ ಮಾಡಿದ ದಿನಗಳ ಸಂಜೆಯ ಅಂಕ 7, 8. ಬಿಡುವಿನ ದಿನಗಳಲ್ಲಿ 3. ಕಾರಣ ಹುಡುಕುತ್ತ ಕುಳಿತಿದ್ದಾಗ ಒಂದು ದಿನ ನನ್ನ ಹಲ್ಲುಗಳು ಬಿಗಿಯಾಗಿ ಕಚ್ಚಿಕೊಂಡಿರುವುದು ಗಮನಕ್ಕೆ ಬಂತು. ದವಡೆಯ ಕೀಲು ಕಿವಿನಾಳದ ಗೋಡೆಗೆ ಅಂಟಿಕೊಂಡಂತೆ ಅದರ ಮುಂದೆಯೇ ಇದೆ. ಕಿರುಬೆರಳನ್ನು ಕಿವಿಯ ಬಾಗಿಲಲ್ಲಿಟ್ಟು ಬಾಯಿ ತೆರೆದು ಮುಚ್ಚಿದರೆ ಅದು ಅಲುಗುವುದು ತಿಳಿಯುತ್ತದೆ. ಅಲ್ಲದೆ ಕಿವಿಗೆ ಬರುವ ನರಗಳು ಒಂದೇ ಮೂಲದವಲ್ಲ: ಟ್ರೈಜೆಮಿನಲ್, ಫೇಶಿಯಲ್, ಗ್ಲಾಸೋಫರಿಂಜಿಯಲ್, ವೇಗಸ್ ಎಂಬ ನಾಲ್ಕು ಕಪಾಲ ನರಗಳ (ಮೆದುಳಿನಿಂದಲೇ ಹೊರಡುವ ನರಗಳ) ಕವಲುಗಳ ಜೊತೆಗೆ ಕತ್ತಿನ ಎರಡನೆಯ ಮತ್ತು ಮೂರನೆಯ ನರಗಳ ಎಳೆಗಳೂ ಇಲ್ಲಿ ಸೇರುತ್ತವೆ. ಹಲ್ಲು, ದವಡೆ, ಗಂಟಲು, ಕತ್ತು, ಇವುಗಳಲ್ಲಿ ಯಾವುದರ ಕಿರಿಕಿರಿಯೂ ಕಿವಿಯದೆಂಬಂತೆ ಅನುಭವಕ್ಕೆ ಬರಬಹುದು. ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಇಟ್ಟು, ತುಟಿ ಮುಚ್ಚಿ, ಹಲ್ಲುಗಳ ನಡುವೆ ಸಣ್ಣ ಅಂತರ ಬಿಡುವುದನ್ನು ರೂಢಿಸಿಕೊಂಡೆ. ಗಂಟೆಗೊಮ್ಮೆ ನೆನಪಿಸಲು ಮೊಬೈಲಿನಲ್ಲಿ ಗಂಟೆ ಇಟ್ಟೆ. ಎರಡು ತಿಂಗಳಲ್ಲಿ ಸಂಜೆಯ ಅಂಕ 4ಕ್ಕೆ ಬಂತು. ಇದೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ಆ ಹೊತ್ತಿಗೆ ಕಿವಿಯ ಚರ್ಮವೂ ಸುಧಾರಿಸಿತ್ತು.

ರಾತ್ರಿಯ ಸಮಸ್ಯೆ ಬೇರೆಯದೇ ಆಗಿತ್ತು. ಸುತ್ತ ನಿಶ್ಶಬ್ದವಾದಾಗ ಗಮನವೆಲ್ಲ ಕಿವಿಯೊಳಗೆ ಹೋಗಿ ಕೂರುತ್ತಿತ್ತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ, ಕಾದರೆ ಬಂದೇ ಬರುತ್ತಿತ್ತು. ಫ್ಯಾನಿನ ಸದ್ದು ಇರಿಸಿಕೊಂಡದ್ದು ನೆರವಾಯಿತು. ಮೇಣದ ಕೊಳವೆ ಉರಿಸಿ ಕಿವಿ ಶುಚಿ ಮಾಡುವ ವಿಧಾನವನ್ನು ಇಬ್ಬರು ಸೂಚಿಸಿದರು. ಅದರಿಂದ ಗುಗ್ಗೆ ಬರುವುದಿಲ್ಲ, ಸುಟ್ಟ ಗಾಯವಾದೀತು, ಹಾಗಾಗಿ ಮಾಡಲಿಲ್ಲ.

ಕಿವಿ ನೋವು, ಸೋರುವಿಕೆ, ರಕ್ತ, ಒಂದೇ ಕಡೆ ಕಿವುಡು, ತಲೆಸುತ್ತು, ಕಿವಿಯ ಸುತ್ತ ಗುಳ್ಳೆ ಅಥವಾ ಮುಖ ಒಂದು ಕಡೆಗೆ ವಾಲುವುದು, ಇವುಗಳಲ್ಲಿ ಯಾವುದಾದರೂ ಇದ್ದವರು ನನ್ನಂತೆ ದಿನಚರಿ ಬರೆಯುತ್ತ ಕೂರದೆ ಕೂಡಲೇ ವೈದ್ಯರನ್ನು ಕಾಣಬೇಕು. ಮಧುಮೇಹವಿರುವವರಂತೂ ಸಣ್ಣ ಕಿವಿನೋವನ್ನೂ ಕಡೆಗಣಿಸಬಾರದು.

ಹನ್ನೊಂದನೆಯ ತಿಂಗಳಲ್ಲಿ ಮತ್ತೆ ಪರೀಕ್ಷಿಸಿದ ವೈದ್ಯರು, ನಾಳದಲ್ಲಿ ತೆಳುವಾಗಿ ಗುಗ್ಗೆ ಕಟ್ಟಿದೆ ಎಂದರು. ಅದನ್ನು ಕೇಳಿ ಅಷ್ಟು ಸಂತೋಷಪಟ್ಟ ರೋಗಿಯನ್ನು ಅವರು ನೋಡಿರಲಾರರು. ಕಚಗುಳಿ ಈಗಲೂ ಬರುತ್ತದೆ, ಹೆಚ್ಚಾಗಿ ಮಲಗುವ ಹೊತ್ತಿಗೆ, ಅದೇ ಆಳದಲ್ಲಿ, ಅದೇ ಎರಡು ಹೆಜ್ಜೆ. ಅಂಗೈ ಇಟ್ಟು ಎಣಿಸುತ್ತೇನೆ; ಇಪ್ಪತ್ತಕ್ಕೆ ಮುಂಚೆಯೇ ಕೆಲವೊಮ್ಮೆ ಮರೆತೂ ಹೋಗುತ್ತದೆ. ಕಳೆದ ತಿಂಗಳಿಡೀ ಹಾಕಿದ ಗೀಟುಗಳು 11.