ರೈನ್ ಚೆಕ್ ಅಂದವರನ್ನ ಒತ್ತಾಯ ಮಾಡಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಅಮೆರಿಕಕ್ಕೆ ಹೊಸದಾಗಿ ಬಂದವರು ಸೋಶಿಯಲ್ ಸೆಕ್ಯುರಿಟಿ ನಂಬರು, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಕೆಲಸಗಳನ್ನ ಬಂದ ಕೂಡಲೇ ಶುರು ಮಾಡಿ. ಅದಕ್ಕೆ ದಾರಿ ತೋರಿಸೋರು ಸಿಗ್ತಾರೆ. ಯಾರೂ ಹೇಳಿಕೊಡದೆ ನಮ್ಮವರು ಎಡವೋದು ಮಾತಿನಲ್ಲಿ.

ಪಕ್ಕದ ಮನೆಯವರನ್ನ ಶನಿವಾರ ಬೆಣ್ಣೆ ದೋಸೆಗೆ ಕರೀತೀರಿ. 'ಕ್ಯಾನ್ ಐ ಟೇಕ್ ಎ ರೈನ್ ಚೆಕ್?' ಅಂತಾರೆ. ಮೋಡ ಹುಡುಕಬೇಡಿ, ಬ್ಯಾಂಕಿನ ಚೆಕ್ಕೂ ಅಲ್ಲ. 1880ರ ದಶಕದಿಂದ ಅಲ್ಲಿ ಬೇಸ್‌ಬಾಲ್ ಆಟ ಮಳೆಗೆ ನಿಂತುಹೋದರೆ, ದುಡ್ಡು ಕೊಟ್ಟು ಬಂದವರು ಇನ್ನೊಂದು ದಿನ ಆಟ ನೋಡಲಿ ಅಂತ ಚೀಟಿ ಕೊಡೋ ಪದ್ಧತಿ. ಆ ಚೀಟಿಯ ಹೆಸರೇ ರೈನ್ ಚೆಕ್. ಮಳೆ ಬಂದು ಕೆಲಸ ಕೆಟ್ಟಿತು ಅನ್ನೋ ಮಾತು ನಮ್ಮ ಕಡೆಯವರಿಗೆ ಒಗ್ಗೋದೇ ಕಷ್ಟ. 1933ರಲ್ಲಿ ಕೋಡಿ ಬಿದ್ದ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬೀಳಲಿ ಅಂತ 2022ರವರೆಗೆ ಕಾದವರು ನಾವು.

ಈಗ ರೈನ್ ಚೆಕ್ ಅನ್ನೋದರ ಅರ್ಥ: 'ಈ ಸಲ ಆಗಲ್ಲ, ಇನ್ನೊಮ್ಮೆ ನೋಡೋಣ.' ನಮ್ಮ 'ಇನ್ನೊಂದ್ ದಿನ ಬರ್ತೀವಿ ಬಿಡ್ರಿ' ಇದ್ದ ಹಾಗೇ. ಆದರೆ ನಮ್ಮಲ್ಲಿ ಮೊದಲನೇ 'ಬ್ಯಾಡ್ರಿ' ಬರೀ ಮರ್ಯಾದೆ. 'ಹಂಗಂದ್ರ ಹೆಂಗ್ರಿ, ಬರ್ಲೇಬೇಕು' ಅಂತ ಎರಡನೇ ಸಲ ಕರೆಯದಿದ್ದರೆ ಬೇಜಾರಾಗ್ತಾರೆ. ಅಲ್ಲಿ ಹಾಗೆ ಎಳೆದರೆ ಅವರಿಗೆ ಮುಜುಗರ. 'ಆಗಲಿ, ಬಿಡುವಾದಾಗ ಹೇಳಿ' ಅಂತ ಒಂದೇ ಮಾತು ಹೇಳಿ ನಿಲ್ಲಿಸಿ. ಮುಂದಿನ ದಿನ ಸೂಚಿಸೋದು, ಈ ಸಲ ಆಗಲ್ಲ ಅಂದವರ ಜವಾಬ್ದಾರಿ. ಅವರು ಸೂಚಿಸದಿದ್ದರೆ ತಿಂಗಳಾದ ಮೇಲೆ ನೀವೇ ಇನ್ನೊಮ್ಮೆ ಕರೆಯಿರಿ. ಆಗಲೂ ಅದೇ ಉತ್ತರ ಬಂದರೆ ಬಿಟ್ಟುಬಿಡಿ.

ನೀವೇ ಈ ಮಾತು ಆಡುವಾಗ 'ಟೇಕ್' ಅನ್ನಿ; 'ಗಿವ್' ಅಂದರೆ ಕರೆದವರ ಮಾತು ನೀವಾಡಿದಂತೆ. ಕಾಫಿ, ಊಟ, ಸಿನಿಮಾಕ್ಕೆ ಸರಿ. ಮದುವೆ ಕರೆಯೋಲೆಗೆ, ಕೆಲಸದ ಸಂದರ್ಶನಕ್ಕೆ ಬೇಡ. ಅಲ್ಲಿ ಆಗುತ್ತೋ ಇಲ್ಲವೋ ನೇರವಾಗಿ ಹೇಳಬೇಕು. ರೈನ್ ಚೆಕ್ ಅಂತ ಹೇಳಿದ ಮೇಲೆ ವಾರದೊಳಗೆ 'ಬರೋ ಶನಿವಾರ ಸಂಜೆ 6ಕ್ಕೆ ಆಗುತ್ತಾ?' ಅಂತ ಕೇಳಿ. ಕೇಳದಿದ್ದರೆ ನಿಮಗೆ ಮನಸ್ಸಿಲ್ಲ ಅಂತಲೇ ಅರ್ಥ ಮಾಡಿಕೊಳ್ತಾರೆ.

ಕೆಲವು ಕಿರಾಣಿ ಅಂಗಡಿಗಳಲ್ಲೂ ರೈನ್ ಚೆಕ್ ಉಂಟು: ರಿಯಾಯಿತಿ ಸಾಮಾನು ಮುಗಿದಿದ್ದರೆ ಕೌಂಟರಿನಲ್ಲಿ ಕೇಳಿ. ಬರೆದುಕೊಟ್ಟರೆ ಸಾಮಾನಿನ ಹೆಸರು, ಎಷ್ಟು, ಯಾವ ಬೆಲೆ, ಯಾವ ತಾರೀಖಿನವರೆಗೆ ಅಂತ ಅಲ್ಲೇ ನೋಡಿಕೊಳ್ಳಿ.

ಬೇರೆಯವರು ಏನಾದರೂ ಕೊಡಲು ಬಂದಾಗಲೂ ಇದೇ ಲೆಕ್ಕ. ಕಾಫಿ ಬೇಕಾ ಅಂದಾಗ ಬೇಡ ಅಂದರೆ ಮತ್ತೆ ಕೇಳೋರಿಲ್ಲ. ಹಸಿವಾಗಿದ್ದರೆ ಮೊದಲ ಸಲವೇ ಹ್ಞೂಂ ಅನ್ನಿ. ಈ ಒತ್ತಾಯವಿಲ್ಲದ ಬದುಕಿಗೆ ನಾವು ನಿಧಾನಕ್ಕೆ ಒಗ್ಗಿಕೊಳ್ತೀವಿ. ಮಕ್ಕಳು ಅದರಲ್ಲೇ ಬೆಳೀತಾರೆ. ಒತ್ತಾಯದಲ್ಲಿರೋ ಪ್ರೀತಿ ಅವರಿಗೆ ಗೊತ್ತೇ ಆಗಲ್ಲ ಅನ್ನೋದೇ ನೋವು. ರಜೆಗೆ ಊರಿಗೆ ಹೊರಡೋ ಮೊದಲು ಕೂರಿಸಿಕೊಂಡು ಹೇಳಿ: ಅಜ್ಜಿ ರೊಟ್ಟಿ ಹಿಡಿದು ಬಂದಾಗ 'ಬೇಡ' ಅಂದರೆ ಸಾಲದು, ತಟ್ಟೆ ಮೇಲೆ ಎರಡೂ ಕೈ ಅಡ್ಡ ಹಿಡೀಬೇಕು. ಆಗಲೂ ಅರ್ಧ ರೊಟ್ಟಿ ಬೀಳುತ್ತೆ. ಅದನ್ನ ತಿನ್ನಬೇಕು.