ಕೋಡಿ ಅಳಿವೆ ಮತ್ತು ಲೈಟ್‌ಹೌಸ್: ಬೆಂಗಳೂರಿನಿಂದ ಹೊರಡುವ ಮುನ್ನ ಅಮಾವಾಸ್ಯೆ ಯಾವತ್ತು ನೋಡಿ

ಬೆಂಗಳೂರಿನವರು ಕಡಲ ಕಡೆ ಹೊರಡುವಾಗ ನೋಡುವುದು ಎರಡೇ. ಲಾಂಗ್ ವೀಕೆಂಡ್ ಯಾವಾಗ, ರೂಮ್ ಸಿಗುತ್ತದಾ. ಕುಂದಾಪುರದ ಕೋಡಿ ಕಡಲತೀರಕ್ಕೆ ಹೋಗುವುದಾದರೆ ಮೂರನೆಯದೊಂದಿದೆ: ಗೋಡೆಯ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ ಯಾವತ್ತು ಅಂತ ನೋಡಿ, ಅದರ ಪಕ್ಕದ ಶನಿವಾರ ಹಿಡಿಯಿರಿ. ಅಮಾವಾಸ್ಯೆ ದಿನವೇ ಪ್ರಯಾಣವಾ ಅಂತ ಮನೆಯಲ್ಲಿ ಕೇಳುತ್ತಾರೆ. ಒಂದೆರಡು ದಿನ ಆಚೀಚೆ ಆದರೂ ನಡೆಯುತ್ತದೆ, ಜಗಳ ಬೇಡ.

ಯಾಕೆ ಅಂದರೆ, ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರು. ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಉಬ್ಬರ ನಡುಹಗಲಿನ ಹತ್ತಿರ ಬರುತ್ತದೆ, ಸಂಜೆಗೆ ನೀರು ಇಳಿಯುತ್ತದೆ. ಅಂದರೆ ಸೂರ್ಯ ಮುಳುಗುವ ಹೊತ್ತಿಗೆ ನಿಮಗೆ ಅಗಲವಾದ ಮರಳು, ಅಳಿವೆಯಿಂದ (ಹೊಳೆ ಕಡಲು ಸೇರುವ ಬಾಯಿ) ಕಡಲಿಗೆ ನುಗ್ಗುವ ಹೊಳೆ, ಎರಡೂ ಸಿಗುತ್ತವೆ. ಅಷ್ಟಮಿಯ ಹೊತ್ತಿಗೆ ಹೋದರೆ ಲೆಕ್ಕ ತಿರುಗುಮುರುಗು, ಸಂಜೆ ಮರಳೇ ಕಡಿಮೆ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಶನಿವಾರ ನೋಡಿದ್ದನ್ನೇ ಭಾನುವಾರ ಅದೇ ಗಂಟೆಗೆ ಹುಡುಕಬೇಡಿ. ಸರಿಯಾದ ಸಮಯ ಬೇಕಿದ್ದರೆ ಗಂಗೊಳ್ಳಿ ಬಂದರಿನ ಮೀನುಗಾರರನ್ನೇ ಕೇಳಿ. ಯಾವ ಆ್ಯಪ್‌ಗಿಂತಲೂ ವಾಸಿ.

ಇನ್ನು ಹೊಳೆ. ಕೋಡಿಯ ಉತ್ತರ ತುದಿಯಲ್ಲಿ ಸಮುದ್ರ ಸೇರುವುದು ಪಂಚಗಂಗಾವಳಿ, ಆಚೆ ದಡವೇ ಗಂಗೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಕೂಡಿದ ನೀರು ಇದು. ಇವುಗಳಲ್ಲಿ ಸೌಪರ್ಣಿಕೆಯದ್ದೇ ತಮಾಷೆ: ಕೊಡಚಾದ್ರಿ ಕಡೆಯಿಂದ ಇಳಿದು, ಕೊಲ್ಲೂರು ದಾಟಿ, ಮರವಂತೆಯಲ್ಲಿ ಕಡಲಿಗೆ ಬರೀ ಒಂದು ಹೆದ್ದಾರಿಯಷ್ಟು ದೂರ ಬಂದು, ಅಲ್ಲಿ ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿವರೆಗೆ ನಡೆದುಕೊಂಡು ಬರುತ್ತದೆ. ಸಮಯ ಇದ್ದರೆ ಬೆಳಗ್ಗೆ ಮರವಂತೆ ನೋಡಿ, ಸಂಜೆ ಅಳಿವೆಗೆ ಬನ್ನಿ. ಆಗ ಅರ್ಥ ಆಗುತ್ತದೆ. ಅಳಿವೆಯ ಎರಡೂ ಬದಿ ಅಲೆ ತಡೆಯಲು ಕಲ್ಲಿನ ಬ್ರೇಕ್‌ವಾಟರ್ ಹಾಕಿದ್ದಾರೆ, ಕೋಡಿ ಬದಿಯದ್ದರ ಮೇಲೆ ನಡೆದು ಹೋಗಬಹುದು.

ಕತ್ತಲಾದ ಕೂಡಲೇ ಹೊರಟುಬಿಡುತ್ತಾರಲ್ಲ, ಅದೊಂದು ಮಾಡಬೇಡಿ. ಕೋಡಿಯ ಲೈಟ್‌ಹೌಸ್ ಕೆಲಸ ಶುರು ಮಾಡುವುದೇ ಆಗ. ಚಂದ್ರ ಇಲ್ಲದ ರಾತ್ರಿಯಾದರೆ ಇನ್ನೂ ಚೆನ್ನ. ಪ್ರತಿ ಲೈಟ್‌ಹೌಸ್‌ಗೂ ತನ್ನದೇ ಮಿಂಚಿನ ಲೆಕ್ಕ ಇರುತ್ತದೆ, ಅದನ್ನು ನೋಡಿಯೇ ನಾವಿಕರು ಇದು ಯಾವ ಊರು ಅಂತ ಗುರುತಿಸುವುದು. ಮೊಬೈಲ್‌ನ ಸ್ಟಾಪ್‌ವಾಚ್ ತೆಗೆಯಿರಿ. ಮೊದಲ ಮಿಂಚಿಗೆ ಒತ್ತಿ, ಎಷ್ಟು ಸಲ ಮಿಂಚಿತು ಎಣಿಸಿ, ದೊಡ್ಡ ಕತ್ತಲಾದ ಮೇಲೆ ಮತ್ತೆ ಬರುವ ಮೊದಲ ಮಿಂಚಿಗೆ ನಿಲ್ಲಿಸಿ. ನಾಲ್ಕೈದು ಸಲ ಮಾಡಿದರೆ ಸರಿಯಾದ ಸಂಖ್ಯೆ ಬರುತ್ತದೆ. ಸಾಮಾನ್ಯವಾಗಿ ಒಳಗಿನ ದೀಪ ಆರಿ ಹತ್ತುವುದಿಲ್ಲ, ಮುಂದಿನ ಮಸೂರ ತಿರುಗುವುದರಿಂದ ಹಾಗೆ ಕಾಣುತ್ತದೆ, ಮಕ್ಕಳಿಗೆ ಇದನ್ನು ಹೇಳಿ. ಎತ್ತರ ಯಾಕೆ ಅಂತ ಕೇಳಿದರೆ ಅದಕ್ಕೂ ಲೆಕ್ಕ ಇದೆ: ಭೂಮಿ ದುಂಡಗಿರುವುದರಿಂದ, ನೀರಿನಿಂದ 30 ಮೀಟರ್ ಮೇಲಿನ ದೀಪಕ್ಕೆ ದಿಗಂತ ಸುಮಾರು 20 ಕಿ.ಮೀ. ದೂರ. ಗೋಪುರ ಹತ್ತಿ ನೋಡಲೇಬೇಕು ಅನ್ನುವವರು ಉಡುಪಿ ದಾಟಿ ಕಾಪುವಿಗೆ ಹೋಗಿ. 1901ರ ಗೋಪುರ ಅದು, ಸಂಜೆ ಹೊತ್ತು ಜನರನ್ನು ಮೇಲೆ ಬಿಡುತ್ತಾರೆ.

ಈಜು ಬೇಡ. ಅಳಿವೆಯಲ್ಲಂತೂ ಬೇಡವೇ ಬೇಡ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು, ಇಳಿಯುವ ಕಡಲು ಎರಡೂ ಸೇರಿ ಹೊರಗೆ ಎಳೆಯುತ್ತವೆ, ಎದುರಿನಿಂದ ಬರುವ ಅಲೆ ಅಲ್ಲೇ ಎದ್ದು ಒಡೆಯುತ್ತದೆ. ದೋಣಿಯವರೇ ಹುಷಾರಾಗಿ ದಾಟುವ ಜಾಗ. ಚಳಿಗಾಲ ಮುಗಿಯುವ ಹೊತ್ತಿಗೆ ಈ ತೀರಕ್ಕೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಆಗ ರಾತ್ರಿ ಮರಳಿನ ಮೇಲೆ ಟಾರ್ಚ್ ಬಿಡಬೇಡಿ.

ಮಳೆಗಾಲದಲ್ಲಿ ಹೋಗಬೇಡಿ. ಬೆಂಗಳೂರಿನ ಕುಂದಾಪ್ರದವರು ಆಸಾಡಿ ಅಮಾಸಿಗೆ (ಆಷಾಢದ ಅಮಾವಾಸ್ಯೆ) ಕುಂದಾಪ್ರ ಕನ್ನಡ ದಿನ ಮಾಡುತ್ತಾರಲ್ಲ, ಆ ಅಮಾವಾಸ್ಯೆಗೆ ಇಲ್ಲೇ ಅವರ ಜೊತೆ ಊಟ ಮಾಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೂ ಕಡಲಿಗೆ ಇಳಿಯುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು.

ಹೋಗುವುದಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಹೆಸರು ಇದೇ ಹೊಳೆಯದು. ಸಂಜೆ ಬೆಂಗಳೂರು ಬಿಟ್ಟು ನಸುಕಿಗೆ ಕುಂದಾಪುರ. ವಾರಾಂತ್ಯದ ಟಿಕೆಟ್ ಬೇಗ ಖಾಲಿ, ಅಮಾವಾಸ್ಯೆ ಗೊತ್ತಾದ ದಿನವೇ ಬುಕ್ ಮಾಡಿ. ಸ್ಟೇಷನ್ ಇರುವುದು ಪೇಟೆಯಿಂದ ಹೊರಗೆ, ಮೂಡ್ಲಕಟ್ಟೆಯಲ್ಲಿ, ಅಲ್ಲಿಂದ ಆಟೊ. ಕೋಡಿಗೆ ಶಾಸ್ತ್ರಿ ಸರ್ಕಲ್ ಹತ್ತಿರ ಆಟೊ ಸಿಗುತ್ತದೆ. ಆದರೆ ರಾತ್ರಿ ವಾಪಸ್ ಬರುವಾಗ ಅಲ್ಲಿ ಸುಮ್ನೆ ನಿಂತರೆ ಯಾರೂ ಬರುವುದಿಲ್ಲ, ಇಳಿಯುವಾಗಲೇ ಡ್ರೈವರ್ ನಂಬರ್ ತೆಗೆದುಕೊಂಡು ಎಷ್ಟು ಗಂಟೆಗೆ ಬರಬೇಕು, ಎಷ್ಟು ದುಡ್ಡು ಅಂತ ಮಾತಾಡಿಬಿಡಿ.