ಕ್ಯೂ ಉದ್ಯಾನದ ಹಳೆಯ ಗಾಜಿನ ಮನೆಗಳನ್ನು ನೋಡುವ ಬಗೆ

ಲಂಡನ್ನಿನ ನೈಋತ್ಯ ಭಾಗದಲ್ಲಿರುವ ಕ್ಯೂ ಸಸ್ಯೋದ್ಯಾನವನ್ನು ಒಂದೇ ದಿನದಲ್ಲಿ ಪೂರ್ತಿ ಸುತ್ತಿ ಮುಗಿಸಬೇಕೆಂದು ಹೊರಟವರು ಅಲ್ಲಿನ ಗಾಜಿನ ಮನೆಗಳನ್ನು ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬಂದುಬಿಡುತ್ತಾರೆ. ಸಾವಿರಾರು ಗಿಡಗಳ ಮೇಲೆ ಕಣ್ಣು ಹಾಯಿಸುವುದಕ್ಕಿಂತ ನಾಲ್ಕೈದು ಗಿಡಗಳ ಮುಂದೆ ಸಾವಧಾನವಾಗಿ ನಿಲ್ಲುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ಮನೆಗಳಿಗೆಂದೇ ಒಂದು ದಿನವನ್ನು ಮೀಸಲಿಡಿ.

ಟಿಕೆಟನ್ನು ಮುಂಚಿತವಾಗಿ ಆನ್‌ಲೈನಿನಲ್ಲಿ ಕೊಂಡರೆ ಖರ್ಚು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಯಾವ ಮನೆ ತೆರೆದಿದೆ, ಯಾವುದು ದುರಸ್ತಿಗಾಗಿ ಮುಚ್ಚಿದೆ ಎಂಬುದನ್ನೂ ಉದ್ಯಾನದ ಜಾಲತಾಣದಲ್ಲಿ ನೋಡಿಕೊಳ್ಳಿ. ಹತ್ತೊಂಬತ್ತನೆಯ ಶತಮಾನದ ಕಬ್ಬಿಣ ಮತ್ತು ಗಾಜು ಒಳಗಿನ ತೇವದಲ್ಲಿ ಸವೆಯುತ್ತಲೇ ಇರುವುದರಿಂದ ಇಲ್ಲಿ ದೀರ್ಘಕಾಲದ ದುರಸ್ತಿಗಳು ಅನಿವಾರ್ಯ. ಉದ್ಯಾನದ ದ್ವಾರಗಳಿಗಿಂತ ಮೊದಲೇ ಗಾಜಿನ ಮನೆಗಳ ಬಾಗಿಲು ಮುಚ್ಚುವುದುಂಟು ಎಂಬುದನ್ನೂ ನೆನಪಿಡಿ. ಡಿಸ್ಟ್ರಿಕ್ಟ್ ಮಾರ್ಗದ ರೈಲಿನಲ್ಲಿ ಕ್ಯೂ ಗಾರ್ಡನ್ಸ್ ನಿಲ್ದಾಣಕ್ಕೆ ಬಂದು ಇಳಿದರೆ, ವಿಕ್ಟೋರಿಯಾ ಗೇಟಿಗೆ ಕೆಲವೇ ನಿಮಿಷಗಳ ನಡಿಗೆ.

ಉಡುಪಿನ ವಿಷಯದಲ್ಲಿ ಒಂದು ಮಾತು. ಹೊರಗೆ ಚಳಿಯಿದ್ದರೂ ತಾಳೆಗಳ ಗಾಜಿನ ಮನೆಯಾದ ಪಾಮ್ ಹೌಸಿನೊಳಗೆ ಮಳೆಕಾಡಿನ ಸೆಕೆ ಇರುತ್ತದೆ. ಸುಲಭವಾಗಿ ಕಳಚಬಹುದಾದ ಮೇಲಂಗಿಯನ್ನು ತೊಡಿ. ತಣ್ಣಗಿನ ಕನ್ನಡಕಕ್ಕೂ ಕ್ಯಾಮೆರಾ ಮಸೂರಕ್ಕೂ ಒಳಹೊಕ್ಕ ಕೂಡಲೇ ಮಂಜು ಕವಿಯುತ್ತದೆ. ಪದೇ ಪದೇ ಒರೆಸಿದರೆ ಪ್ರಯೋಜನವಿಲ್ಲ. ಮಸೂರ ಒಳಗಿನ ಗಾಳಿಯಷ್ಟೇ ಬೆಚ್ಚಗಾಗುವವರೆಗೆ ಹತ್ತು ಹದಿನೈದು ನಿಮಿಷ ಬಿಟ್ಟುಬಿಡಿ.

ಆದರೆ ಪಾಮ್ ಹೌಸನ್ನು ಒಳಹೋಗುವ ಮೊದಲು ಕೊಳದ ಆಚೆ ದಡದಿಂದ ನೋಡಬೇಕು. 1844ರಿಂದ 1848ರವರೆಗೆ ವಾಸ್ತುಶಿಲ್ಪಿ ಡೆಸಿಮಸ್ ಬರ್ಟನ್ ಮತ್ತು ಕಬ್ಬಿಣದ ಕೆಲಸದಲ್ಲಿ ಪಳಗಿದ ರಿಚರ್ಡ್ ಟರ್ನರ್ ಸೇರಿ ಕಟ್ಟಿದ ಈ ಮನೆ ಮಗುಚಿಟ್ಟ ಹಡಗಿನಂತೆ ಕಾಣುತ್ತದೆ. ಈ ಹೋಲಿಕೆಗೆ ಕಾರಣವೂ ಉಂಟು: ಎತ್ತರದ ತಾಳೆಗಳಿಗೆ ಬೇಕಾದ ವಿಶಾಲ ಅವಕಾಶವನ್ನು ಕಂಬಗಳ ದಟ್ಟಣೆಯಿಲ್ಲದೆ ಒದಗಿಸಲು, ಹಡಗು ಕಟ್ಟುವವರು ಬಳಸುತ್ತಿದ್ದಂಥ ಮೆದು ಕಬ್ಬಿಣದ ತೊಲೆಗಳನ್ನೇ ಇಲ್ಲಿ ಬಾಗಿಸಿ ಪಕ್ಕೆಲುಬುಗಳನ್ನಾಗಿ ಮಾಡಲಾಯಿತು. ಅವುಗಳ ನಡುವೆ ಸುಮಾರು 16,000 ಗಾಜಿನ ಹಲಗೆಗಳಿವೆ. ವಿಕ್ಟೋರಿಯಾ ಗೇಟಿನ ಬಳಿ ನಿಂತಿರುವ ಇಟ್ಟಿಗೆಯ ಗೋಪುರವನ್ನೂ ಮರೆಯದೆ ಗಮನಿಸಿ. ಪಾಮ್ ಹೌಸಿನ ನೆಲಮಾಳಿಗೆಯಲ್ಲಿದ್ದ ಬಾಯ್ಲರುಗಳ ಹೊಗೆಯನ್ನು ಸುರಂಗದ ಮೂಲಕ ಸಾಗಿಸಿ ಹೊರಬಿಡಲು ಕಟ್ಟಿದ ಚಿಮಣಿ ಅದು.

ಒಳಗೆ ದಕ್ಷಿಣ ತುದಿಯಿಂದ ಆರಂಭಿಸಿ. ಅಲ್ಲಿ ಕುಂಡದಲ್ಲಿ ಓರೆಯಾಗಿ ಬೆಳೆದು ನಿಂತಿರುವ ಸೈಕಾಡ್ (ತಾಳೆಯಂತೆ ಕಂಡರೂ ಹೂವಿನ ಬದಲು ಶಂಕುವಿನಾಕಾರದ ಕಾಯಿಯಂಥ ಅಂಗವನ್ನು ಬಿಡುವ ಪ್ರಾಚೀನ ಗುಂಪಿನ ಗಿಡ), ಎನ್ಸೆಫಲಾರ್ಟಸ್ ಆಲ್ಟೆನ್‌ಸ್ಟೈನೀ, ಇಡೀ ಭೇಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗಿಡ. ಸಸ್ಯಸಂಗ್ರಾಹಕ ಫ್ರಾನ್ಸಿಸ್ ಮ್ಯಾಸನ್ ಇದನ್ನು ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ತಂದದ್ದು 1775ರಲ್ಲಿ. ಅಂದರೆ ಅದಕ್ಕೆ ಆಸರೆಯಾಗಿರುವ ಈ ಮನೆಗಿಂತ ಆ ಗಿಡ ಎಪ್ಪತ್ತು ವರ್ಷಗಳಿಗೂ ಹೆಚ್ಚು ಹಿರಿಯದು. ಕ್ಯೂನಲ್ಲಿ ಅದು ಶಂಕು ಬಿಟ್ಟದ್ದು 1819ರಲ್ಲಿ, ಅದನ್ನು ನೋಡಲು ವೃದ್ಧ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಬಂದಿದ್ದರು. ಕಾಂಡದ ಮೇಲೆ ಸುತ್ತುಸುತ್ತಾಗಿ ಉಳಿದಿರುವ ಹಳೆಯ ಗರಿಗಳ ಗುರುತುಗಳನ್ನು ಬುಡದಿಂದ ತುದಿಯವರೆಗೆ ಕಣ್ಣಿನಲ್ಲೇ ಹಿಂಬಾಲಿಸಿ. ಆ ನಿಧಾನದ ಬೆಳವಣಿಗೆ ಆಗ ಅರಿವಿಗೆ ಬರುತ್ತದೆ.

ಗಿಡಗಳ ಫಲಕಗಳನ್ನು ಓದುವ ಅಭ್ಯಾಸವನ್ನು ಇಲ್ಲಿಯೇ ಮಾಡಿಕೊಳ್ಳಿ. ವೈಜ್ಞಾನಿಕ ಹೆಸರು, ಕುಟುಂಬ ಮತ್ತು ಮೂಲ ನೆಲೆಯ ಜೊತೆಗೆ ಒಂದು ಸಂಖ್ಯೆಯೂ ಇರುತ್ತದೆ. ಅದರ ಆರಂಭದ ನಾಲ್ಕು ಅಂಕಿಗಳು ಸಾಮಾನ್ಯವಾಗಿ ಆ ಗಿಡ ಸಂಗ್ರಹದಲ್ಲಿ ದಾಖಲಾದ ವರ್ಷವನ್ನು ಸೂಚಿಸುತ್ತವೆ. ಸುರುಳಿ ಮೆಟ್ಟಿಲು ತೆರೆದಿದ್ದರೆ ಹತ್ತಿ, ತಾಳೆಗಳ ನೆತ್ತಿಯನ್ನು ಮೇಲಿನಿಂದ ನೋಡಿ. ಮೇಲೇರಿದಂತೆ ಸೆಕೆಯೂ ಏರುವುದರಿಂದ ಉಸಿರಾಟದ ತೊಂದರೆ ಇರುವವರು ಕೆಳಗೇ ಉಳಿಯುವುದು ಒಳ್ಳೆಯದು.

ಪಕ್ಕದಲ್ಲಿರುವ ಪುಟ್ಟ ವಾಟರ್‌ಲಿಲಿ ಹೌಸ್ 1852ರದು. ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರೆ, ಬೇಸಿಗೆಯಲ್ಲಿ ಹೋದವರು ಬಿಡಬಾರದು.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಸಮಶೀತೋಷ್ಣ ವಲಯದ ಗಿಡಗಳ ಮನೆಯಾದ ಟೆಂಪರೇಟ್ ಹೌಸ್ ಸಿಗುತ್ತದೆ. ಬರ್ಟನ್ನನದೇ ವಿನ್ಯಾಸದ ಇದರ ಕೆಲಸ 1860ರಲ್ಲಿ ಆರಂಭವಾಗಿ, ಹಣದ ಕೊರತೆಯಿಂದ ನಿಂತು, 1899ರಲ್ಲಷ್ಟೇ ಪೂರ್ಣಗೊಂಡಿತು. 2013ರಿಂದ ಐದು ವರ್ಷ ಮುಚ್ಚಿ ಜೀರ್ಣೋದ್ಧಾರ ಮಾಡಿದ ಮೇಲೆ ಈಗ ಅಲ್ಲಿ ಸುಮಾರು 1,500 ಪ್ರಭೇದಗಳು ಬೆಳೆಯುತ್ತಿವೆ. ಎಲ್ಲವನ್ನೂ ನೋಡಲು ಹೋಗದೆ ಎನ್ಸೆಫಲಾರ್ಟಸ್ ವುಡೀ ಎಲ್ಲಿದೆಯೆಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಬೆಳಿಗ್ಗೆ ಕಂಡ ಸೈಕಾಡಿನ ಕುಲದ್ದೇ ಆದ ಈ ಗಿಡದ ಪ್ರಭೇದವನ್ನು 1895ರಲ್ಲಿ ಸಸ್ಯವಿಜ್ಞಾನಿ ಜಾನ್ ಮೆಡ್ಲಿ ವುಡ್ ದಕ್ಷಿಣ ಆಫ್ರಿಕಾದ ಕಾಡಿನಲ್ಲಿ ಕಂಡರು. ಸಿಕ್ಕದ್ದು ಒಂದೇ ಒಂದು ಗಂಡು ಸಸ್ಯ. ಇಂದು ಜಗತ್ತಿನ ಉದ್ಯಾನಗಳಲ್ಲಿರುವ ವುಡೀ ಗಿಡಗಳೆಲ್ಲ ಅದರ ಬುಡದಲ್ಲಿ ಒಡೆದ ಮರಿಗಳಿಂದ ಬೆಳೆಸಿದವು, ಆದ್ದರಿಂದ ಎಲ್ಲವೂ ಗಂಡೇ. ಕ್ಯೂಗೆ 1899ರಲ್ಲಿ ಬಂದ ಗಿಡ 2004ರಲ್ಲಿ ಶಂಕು ಬಿಟ್ಟಿತು. ಅದರ ಪರಾಗಕ್ಕೆ ಜೊತೆಯಾಗಬಲ್ಲ ಹೆಣ್ಣು ಗಿಡ ಇಂದಿಗೂ ಎಲ್ಲಿಯೂ ಸಿಕ್ಕಿಲ್ಲ. ಅದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ.